ಬಳ್ಳಿ ಎಳೆದಾಗ ಕೈ ಜುಮ್ ಅಂದಿದ್ದು ಯಾಕೆ?

ಹೊಂಗೆ ಮರ ಹತ್ತಿ ಮನಿ ಪ್ಲಾಂಟ್ ಬಳ್ಳಿ ಎಳೆದಾಗ ಕೈ ಜುಮ್ ಅಂತು, ಯಾಕೆ ಎಂದು ಬರೆದು ಕೇಳಿದ್ದೀರಿ. ಬಹುಶಃ ಮೇಲೆಲ್ಲೋ ಬಳ್ಳಿ ಕರೆಂಟ್ ತಂತಿಗೆ ತಾಗಿದೆ. ಹಸಿ ಬಳ್ಳಿಯೊಳಗೆ ಬರೀ ನೀರು, ಕರೆಂಟ್ ಹರಿಯಲು ಅಷ್ಟು ಸಾಕು. ಅಂಗೈಯಗಲದ ಎಲೆಗಳ ಮರೆಯಲ್ಲಿ ತಂತಿ ಕಾಣುವುದೂ ಇಲ್ಲ.

ಸದ್ಯಕ್ಕೆ ಮರ, ಬಳ್ಳಿ ಎರಡನ್ನೂ ಮುಟ್ಟಬೇಡಿ. ಬಳ್ಳಿಯ ಬುಡ ಕತ್ತರಿಸಿಬಿಡೋಣ ಅನ್ನಿಸುತ್ತೆ ಅಲ್ವಾ, ಈಗ ಅದೂ ಬೇಡ. ಮೊದಲು ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಸುಮ್ನೆ ‘ಬಳ್ಳಿ ಬೆಳೆದಿದೆ’ ಅನ್ನಬೇಡಿ, ‘ಶಾಕ್ ಹೊಡೆಯಿತು’ ಎಂದೇ ಹೇಳಿ. ಲೈನ್‌ಮನ್ ಲೈನ್ ಆಫ್ ಮಾಡಿ ಬಳ್ಳಿ ಬಿಡಿಸಿದ ಮೇಲೆ ಬುಡ ಕತ್ತರಿಸಿ, ಒಣಗಲು ಬಿಡಿ. ಆಮೇಲೂ ಜಗ್ಗಬೇಡಿ, ಒಣಕೊಂಬೆ ಜೊತೆಗೇ ತಲೆ ಮೇಲೆ ಬರುತ್ತದೆ.

ಆ ತಂತಿ ಮನೆ ಲೈನಿನದೋ 11 ಸಾವಿರ ವೋಲ್ಟಿನದೋ ನೀವು ಬರೆದಿಲ್ಲ. ಎರಡನೆಯದಾದರೆ ಮುಟ್ಟಲೇಬೇಕು ಅಂತಿಲ್ಲ, ತೀರಾ ಹತ್ತಿರ ಹೋದರೂ ಹೊಡೆಯುತ್ತದೆ. ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೆ ಬೀದಿ ಲೈನ್ ಆಫ್ ಆಗುವುದಿಲ್ಲ.