ಗದ್ದೆ ಬದುವಿನ ಪುಟ್ಟ ಹಳದಿ ಚಿಟ್ಟೆ

ಪ್ರಶ್ನೆ: ಪಾಂಡವಪುರದ ಹತ್ತಿರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ ನಮ್ಮ ಗದ್ದೆ ಇದೆ. ಬಸಿಗಾಲುವೆ ಪಕ್ಕದ ಹುಲ್ಲಿನಿಂದ ಹಳದಿ ಮಚ್ಚೆಯ ಒಂದು ಪುಟ್ಟ ಕಂದು ಚಿಟ್ಟೆ ಚಂಗನೆ ಎದ್ದು, ನಾಲ್ಕು ಹೆಜ್ಜೆ ಆಚೆ ಮತ್ತೆ ಕೂರುತ್ತದೆ. ಫೋಟೊದಲ್ಲಿ ಮಚ್ಚೆ ಬೆಳ್ಳಗೆ ಬಂದಿದೆ. ನೋಡಿದವರು ‘ಕಾಮನ್ ಗ್ರಾಸ್ ಡಾರ್ಟ್’ ಅಂದರು. ಹೌದೇ?

ಉತ್ತರ: ನೀವು ಹೇಳುವ ಜಾಗ, ಬಣ್ಣ, ಹಾರಾಟ ಎಲ್ಲವೂ ಗ್ರಾಸ್ ಡಾರ್ಟ್‌ಗಿಂತ ಬುಷ್ ಹಾಪರ್ ಎಂಬ ಇನ್ನೊಂದು ಚಿಟ್ಟೆಯ ಕಡೆಗೇ ಬೆರಳು ತೋರುತ್ತವೆ. ವೈಜ್ಞಾನಿಕ ಹೆಸರು ಆಂಪಿಟಿಯಾ ಡಯಸ್ಕೊರೈಡಿಸ್. ರೆಕ್ಕೆ ಪೂರ್ತಿ ಹರಡಿದರೂ ಹತ್ತು ರೂಪಾಯಿ ನಾಣ್ಯದ ಆಸುಪಾಸಿನ ಅಗಲ. ಗಂಡಿನ ಮಚ್ಚೆಗಳು ದೊಡ್ಡವು, ಕಿತ್ತಳೆ ಬೆರೆತ ಹಳದಿ. ಹೆಣ್ಣಿನವು ಚಿಕ್ಕವು, ಮಂಕು.

ತಪ್ಪು ಆಗಿರುವುದು ಫೋಟೊದಲ್ಲಿ. ಬಿರುಬಿಸಿಲಲ್ಲಿ ಫೋನ್ ಕಪ್ಪು ರೆಕ್ಕೆಗೆ ತಕ್ಕಂತೆ ಬೆಳಕು ಹೆಚ್ಚಿಸಿಕೊಳ್ಳುತ್ತದೆ, ಆಗ ಹಳದಿ ಕಳೆದು ಬಿಳಿಯಾಗುತ್ತದೆ. ಪರದೆಯ ಮೇಲೆ ಚಿಟ್ಟೆಯನ್ನು ಮುಟ್ಟಿ, ಬೆಳಕಿನ ಗುರುತನ್ನು ಸ್ವಲ್ಪ ಕೆಳಗೆಳೆದು ತೆಗೆಯಿರಿ. ಹಳೆಯ ಚಿಟ್ಟೆಯಾದರೆ ಹುರುಪೆ ಉದುರಿಯೂ ಬಣ್ಣ ಮಾಸಿರುತ್ತದೆ.

ಮೇಲಿನಿಂದ ತೆಗೆದ ಒಂದೇ ಫೋಟೊ ನಂಬಿ ಹೆಸರಿಡಬೇಡಿ. ಮುಚ್ಚಿದ ರೆಕ್ಕೆಯ ಹೊರಮೈ, ಅಂದರೆ ಹಿಂರೆಕ್ಕೆಯ ಅಡಿಭಾಗ, ಸಿಗಲೇಬೇಕು. ಬುಷ್ ಹಾಪರ್‌ಗೆ ಅಲ್ಲಿ ಹಳದಿ ನೆಲದ ಮೇಲೆ ಚಿರತೆಯಂತೆ ಕಪ್ಪು-ಕಂದು ಚುಕ್ಕೆ. ಗ್ರಾಸ್ ಡಾರ್ಟ್‌ಗೆ ಉಲ್ಟಾ: ಕಂದು ನೆಲ, ಬಿಳಿ ಚುಕ್ಕೆ, ನರಗಳೂ ತೆಳು ಬಣ್ಣ. ಭತ್ತದ ಗದ್ದೆಯಲ್ಲೇ ಸಿಗುವ ರೈಸ್ ಸ್ವಿಫ್ಟ್ ಎಂಬ ಚಿಟ್ಟೆ ಇವೆರಡಕ್ಕಿಂತ ದೊಡ್ಡದು. ಅದರ ಮುಂರೆಕ್ಕೆಯ ಚುಕ್ಕೆಗಳು ಗಾಜಿನ ಹಾಗೆ ಪಾರದರ್ಶಕ. ಅದರ ಜೊತೆ ಗೊಂದಲ ಬೇಕಿಲ್ಲ.

ಬೆಳಿಗ್ಗೆ ಇಬ್ಬನಿ ಆರುವ ಹೊತ್ತಿಗೆ ಹೋಗಿ. ಮೈ ಕಾಯಿಸಿಕೊಳ್ಳಲು ಮುಂರೆಕ್ಕೆ ಅರ್ಧ ಎತ್ತಿ, ಹಿಂರೆಕ್ಕೆ ಚಪ್ಪಟೆ ಹಾಸಿ ಕೂತಿರುತ್ತದೆ. ಮಂಡಿಯಿಂದ ಮೇಲೆ ಹಾರುವುದು ಕಡಿಮೆ, ಆದ್ದರಿಂದ ನೋಟ ನೆಲದ ಕಡೆಗಿರಲಿ. ಸೂರ್ಯ ನಿಮ್ಮ ನೇರ ಬೆನ್ನಿಗಿದ್ದರೆ ನೆರಳು ಅದರ ಮೇಲೆ ಬಿದ್ದು ಎದ್ದುಹೋಗುತ್ತದೆ, ಓರೆಯಲ್ಲಿ ಸರಿಯಿರಿ. ಎದ್ದರೂ ಅಟ್ಟಿಸಿಕೊಂಡು ಹೋಗಬೇಡಿ. ನಿಂತಲ್ಲೇ ನಿಂತರೆ ಬಹುಪಾಲು ಹತ್ತಿರದಲ್ಲೇ ಮತ್ತೆ ಕೂರುತ್ತದೆ.

ಪ್ರಶ್ನೆ: ಮೈಸೂರಿನ ಕೆರೆಗಳಲ್ಲಿ ಇದನ್ನು ಎಲ್ಲಿ ಹುಡುಕಬೇಕು?

ಉತ್ತರ: ಕುಕ್ಕರಹಳ್ಳಿಯಾಗಲಿ ಲಿಂಗಾಂಬುಧಿಯಾಗಲಿ, ವಾಕಿಂಗ್ ದಾರಿಯ ಕತ್ತರಿಸಿದ ಹುಲ್ಲು ಬಿಡಿ. ನೀರು ಒಳಬರುವ ಕಡೆಯ ಜೌಗು ಅಂಚು ನೋಡಿ. ಆಳೆತ್ತರದ ಜೊಂಡಿಗಿಂತ ಅದರ ಮುಂದಿನ ಗಿಡ್ಡ, ಬಿಸಿಲು ಬೀಳುವ ಹುಲ್ಲೇ ಇದರ ಜಾಗ. ಲೀರ್ಸಿಯಾ ಹೆಕ್ಸಾಂಡ್ರಾ ಎಂಬ ಜೌಗು ಹುಲ್ಲು ಇದರ ಮರಿಹುಳುವಿನ ಮೇವು, ಭತ್ತವೂ ಹೌದು. ಈ ಹುಲ್ಲಿನ ಎಲೆಯಂಚು ಬೆರಳಿಗೆ ಗರಗರ ತರಚುತ್ತದೆ, ಗಿಣ್ಣಿನ ಸುತ್ತ ಬಿಳಿ ರೋಮ ಇರುತ್ತದೆ, ತೆನೆ ಬಡಕಲು ಭತ್ತದಂತೆ. ಹುಲ್ಲು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಮುಂಗಾರು ಮುಗಿಯುವ ಹೊತ್ತಿನಿಂದ ನವೆಂಬರ್‌ವರೆಗೆ ಹುಡುಕಿ. ರಂಗನತಿಟ್ಟಿಗೆ ಬಲೆ ಒಯ್ಯುವ ಯೋಚನೆ ಬೇಡ, ಅದು 1940ರಿಂದಲೂ ಪಕ್ಷಿಧಾಮ. ಕಣ್ಣು, ಕ್ಯಾಮೆರಾ ಸಾಕು.

ಪ್ರಶ್ನೆ: ಹಾಗಾದರೆ ಭತ್ತದ ಎಲೆ ಮಡಚುವ ಹುಳು ಇದರದ್ದೇ? ಔಷಧಿ ಹೊಡೆಯಬೇಕೇ?

ಉತ್ತರ: ಮಡಿಕೆ ಬಿಡಿಸಿ ನೋಡಿ. ಒಳಗೆ ಹಸಿರು ಕೆರೆದು, ಎಲೆಯುದ್ದಕ್ಕೂ ಬಿಳಿ ಗೆರೆ ಬಿದ್ದಿದ್ದರೆ ಅದು ಎಲೆ ಸುರುಳಿ ಹುಳು, ಒಂದು ಪತಂಗದ ಮರಿ. ಅಂಚಿನಿಂದ ನಡುನರದ ಕಡೆಗೆ ಎಲೆಯನ್ನೇ ತಿಂದು ಹಾಕಿದ್ದು, ಹುಳುವಿನ ತಲೆ ದಪ್ಪ, ಅದರ ಹಿಂದೆ ಕುತ್ತಿಗೆ ಸಣ್ಣ ಇದ್ದರೆ ಸ್ಕಿಪ್ಪರ್ ಜಾತಿಯದು, ಅಂದರೆ ಬುಷ್ ಹಾಪರ್ ಸೇರಿದ ಚಿಟ್ಟೆ ಬಳಗದ್ದು. ಅಲ್ಲೊಂದು ಇಲ್ಲೊಂದು ಕಂಡ ಮಾತ್ರಕ್ಕೆ ಸಿಂಪಡಿಸಬೇಡಿ. ಈ ಹುಳುಗಳ ಮೈಯಲ್ಲೇ ಮೊಟ್ಟೆಯಿಟ್ಟು ಅವನ್ನು ಮುಗಿಸುವ ಪುಟ್ಟ ಕಣಜಗಳಿವೆ, ಔಷಧಿಗೆ ಅವೂ ಸಾಯುತ್ತವೆ.