ನಸುಕಿಗೆ ತರಕಾರಿ, ಹಗಲಿಗೆ ಪ್ರಯಾಣಿಕರು: ಒಂದೇ ಇ-ರಿಕ್ಷಾದಲ್ಲಿ ನಾನು ಮಾಡಿದ ತಪ್ಪು

ನಸುಕಿನಲ್ಲಿ ತರಕಾರಿ ಸಾಗಿಸಿ, ಹಗಲೆಲ್ಲ ಪ್ರಯಾಣಿಕರನ್ನು ಕೂರಿಸಿಕೊಂಡು ಓಡಿಸಲು ಒಂದೇ ಇ-ರಿಕ್ಷಾ ಸಾಲುತ್ತದೆಯೇ, ಅದಕ್ಕೆ ಲೆಡ್-ಆಸಿಡ್ ಬ್ಯಾಟರಿ ಒಳ್ಳೆಯದೋ ಲಿಥಿಯಂ ಒಳ್ಳೆಯದೋ ಎಂದು ಕೇಳಿದ್ದೀರಿ. ನಾಲ್ಕು ವರ್ಷಗಳ ಹಿಂದೆ ವಿಜಯಪುರದಲ್ಲಿ ಕುಳಿತು ನಾನೂ ಇದೇ ಲೆಕ್ಕ ಹಾಕಿದ್ದೆ, ಇದೇ ಮಾತು ಹೇಳಿ ಮನೆಯವರನ್ನು ಸಾಲಕ್ಕೆ ಒಪ್ಪಿಸಿದ್ದೆ.

ನಮ್ಮದು ಟಾಂಗಾ ಓಡಿಸಿದ ಮನೆತನ. ಗೋಳಗುಮ್ಮಟ ನೋಡಲು ಬಂದವರನ್ನು ಊರಿನ ಇನ್ನೊಂದು ತುದಿಯ ಇಬ್ರಾಹಿಂ ರೋಜಾದವರೆಗೆ ಕರೆದೊಯ್ದು ಅಪ್ಪ ನಮ್ಮನ್ನು ಸಾಕಿದರು. ಕುದುರೆ ಮಾರಿದ ಮೇಲೆ ನಾನು ಕೆಲವು ವರ್ಷ ಬೇರೆಯವರ ಟಂಟಂ ಓಡಿಸಿ, ಕೊನೆಗೆ ಕಂತಿನ ಮೇಲೆ ಸ್ವಂತದ್ದೊಂದು ಇ-ರಿಕ್ಷಾ ತಂದೆ. ನಮ್ಮೂರು ಸಮತಟ್ಟು, ದಿಬ್ಬಗಳ ಕಾಟವಿಲ್ಲ. ಗಂಟೆಗೆ 25 ಕಿಲೋಮೀಟರ್ ವೇಗದ ಮಿತಿ ಊರೊಳಗಿನ ಓಡಾಟಕ್ಕೆ ಏನೇನೂ ಕಡಿಮೆಯಲ್ಲ. ಸೀಟಿನ ಕೆಳಗೆ 12 ವೋಲ್ಟಿನ ನಾಲ್ಕು ಲೆಡ್-ಆಸಿಡ್ ಬ್ಯಾಟರಿಗಳು, ಒಟ್ಟು 48 ವೋಲ್ಟ್, 100 ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ಕರೆಂಟ್ ಹಿಡಿದಿಡುತ್ತದೆ ಎಂಬುದರ ಅಳತೆ). ಹೊಸದರಲ್ಲಿ ಒಂದು ಚಾರ್ಜಿಗೆ ಎಪ್ಪತ್ತು, ಎಪ್ಪತ್ತೈದು ಕಿಲೋಮೀಟರ್ ನಿರಾಯಾಸವಾಗಿ ಓಡುತ್ತಿತ್ತು.

ನಸುಕಿನ ನಾಲ್ಕಕ್ಕೆ ಎಪಿಎಂಸಿ ಪ್ರಾಂಗಣ ಸೇರಿ, ಹಿಂದಿನ ಸೀಟು ಕಳಚಿಟ್ಟು, ಹಮಾಲರಿಂದ ಉಳ್ಳಾಗಡ್ಡಿ, ಟೊಮ್ಯಾಟೊ, ನಿಂಬೆ ಚೀಲಗಳನ್ನು ಹೇರಿಸಿ ಅಂಗಡಿಗಳಿಗೆ ಎರಡು ಸುತ್ತು ಮುಟ್ಟಿಸುತ್ತಿದ್ದೆ. ಏಳು ಗಂಟೆಗೆ ಸೀಟು ಕೂರಿಸಿ, ಕಸ ಗುಡಿಸಿ, ರಾತ್ರಿ ಒಂಬತ್ತರವರೆಗೆ ಪ್ರಯಾಣಿಕರ ಬಾಡಿಗೆ. ಬರೀ ಪ್ರಯಾಣಿಕರನ್ನು ನಂಬಿದವರಿಗಿಂತ ದಿನಕ್ಕೆ 300 ರೂಪಾಯಿ ಹೆಚ್ಚು ಕೈಗೆ ಬರುತ್ತಿತ್ತು. ಮೊದಲ ಮೂರು ತಿಂಗಳು ಕಂತು ಕಟ್ಟಿಯೂ ಹಣ ಉಳಿಯಿತು.

ಈಗ ತಪ್ಪಿನ ಮಾತು. ಅದನ್ನು ಬಿಡಿಸಿಯೇ ಹೇಳಬೇಕು, ಏಕೆಂದರೆ ಗಾಡಿ ಮಾರುವವರಾರೂ ನನಗೆ ಅದನ್ನು ಹೇಳಲಿಲ್ಲ. ರಾತ್ರಿ ಮನೆ ಸೇರಿ ಚಾರ್ಜರ್ ಹಚ್ಚುವಾಗ ಹತ್ತು ಗಂಟೆ ಆಗುತ್ತಿತ್ತು. ನಸುಕಿಗೆ ನಾಲ್ಕರ ಒಳಗೆ ಹೊರಡಬೇಕಾದ್ದರಿಂದ, ಚಾರ್ಜರಿನ ಕೆಂಪು ದೀಪ ಹಸಿರಾಗುವ ಮುಂಚೆಯೇ ವೈರು ಕಿತ್ತು ಹೊರಡುತ್ತಿದ್ದೆ. ಆರು ಗಂಟೆ ಚಾರ್ಜ್ ಆಗಿದೆ, ಮೀಟರಿನಲ್ಲಿ ಮುಕ್ಕಾಲಿಗಿಂತ ಮೇಲೆ ತೋರಿಸುತ್ತಿದೆ, ಕಡಿಮೆಯಾದರೆ ಓಡುವ ದೂರ ಸ್ವಲ್ಪ ಕಡಿಮೆಯಾದೀತು, ಅಷ್ಟೇ ಎಂದು ತಿಳಿದಿದ್ದೆ. ಡೀಸೆಲ್ ಗಾಡಿಗೆ ಅರ್ಧ ಟ್ಯಾಂಕ್ ಹಾಕಿಸಿದರೆ ಎಂಜಿನ್ ಕೆಡುವುದಿಲ್ಲವಲ್ಲ, ಅದೇ ಲೆಕ್ಕ ಇಲ್ಲಿಗೂ ಸಲ್ಲುತ್ತದೆ ಎಂದುಕೊಂಡದ್ದೇ ನನ್ನನ್ನು ಮುಳುಗಿಸಿತು.

ಲೆಡ್-ಆಸಿಡ್ ಬ್ಯಾಟರಿಯಿಂದ ವಿದ್ಯುತ್ ಖರ್ಚಾದಂತೆಲ್ಲ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಚಾರ್ಜ್ ಮಾಡಿದಾಗ ಅದು ಮರಳಿ ಸೀಸವೂ ಆಮ್ಲವೂ ಆಗಬೇಕು. ಚಾರ್ಜರ್ ಮೊದಲ ನಾಲ್ಕೈದು ಗಂಟೆಗಳಲ್ಲಿ ಶೇಕಡಾ 80ರವರೆಗೆ ಬೇಗನೆ ತುಂಬಿಸುತ್ತದೆ. ಆದರೆ ಉಳಿದ 20ರ ಪಾಲನ್ನು ಬ್ಯಾಟರಿ ನಿಧಾನವಾಗಿಯೇ ತೆಗೆದುಕೊಳ್ಳುತ್ತದೆ, ಅದಕ್ಕೆ ಮತ್ತೆ ನಾಲ್ಕು ಗಂಟೆ ಬೇಕು. ಆ ಕೊನೆಯ ನಾಲ್ಕು ಗಂಟೆಗಳಲ್ಲೇ ಫಲಕಗಳು ಪೂರ್ತಿ ಶುದ್ಧವಾಗುವುದು, ಒಳಗಿನ ಆಮ್ಲ ಕಲಕಿ ತಳದಿಂದ ಮೇಲಿನವರೆಗೆ ಒಂದೇ ಹದಕ್ಕೆ ಬರುವುದು, ಒಂದರ ಹಿಂದೊಂದು ಜೋಡಿಸಿದ ನಾಲ್ಕೂ ಬ್ಯಾಟರಿಗಳು ಸರಿಸಮವಾಗುವುದು. ನಾನು ದಿನವೂ ಕದ್ದದ್ದು ಅದೇ ನಾಲ್ಕು ಗಂಟೆಗಳ ಬಹುಪಾಲನ್ನು. ಪೂರ್ತಿ ಚಾರ್ಜ್ ಕಾಣದೆ ದಿನಗಟ್ಟಲೆ ಉಳಿದ ಸಲ್ಫೇಟ್ ಗಟ್ಟಿ ಹರಳಾಗುತ್ತದೆ, ಹರಳಾದದ್ದು ಆಮೇಲೆ ಎಷ್ಟು ಹೊತ್ತು ಚಾರ್ಜ್ ಮಾಡಿದರೂ ಸುಲಭವಾಗಿ ಕರಗುವುದಿಲ್ಲ, ಅಷ್ಟು ಫಲಕ ಸತ್ತಂತೆಯೇ. ಜೊತೆಗೆ ಬೆಳಗಿನ ಭಾರಕ್ಕೆ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ. ಹಾಗೆ ರಭಸವಾಗಿ ಎಳೆದಾಗ ಲೆಡ್-ಆಸಿಡ್ ಬ್ಯಾಟರಿ ತನ್ನ ಮೇಲೆ ಬರೆದಿರುವಷ್ಟು ಆಂಪಿಯರ್-ಅವರ್ ಕೊಡುವುದೂ ಇಲ್ಲ. ಹೀಗಾಗಿ ಅರೆಹೊಟ್ಟೆಯಲ್ಲಿ ಹೊರಟು, ಭಾರ ಎಳೆದು, ರಾತ್ರಿ ಪೂರ್ತಿ ಬರಿದಾಗಿ ಮನೆಗೆ ಬರುತ್ತಿತ್ತು.

ಮೊದಲ ತಿಂಗಳಲ್ಲೇ ಒಂದು ನಸುಕಿನಲ್ಲಿ ನಾನು ವೈರು ಕೀಳುವುದನ್ನು ಅಪ್ಪ ನೋಡಿದರು. “ತಮ್ಮಾ, ಮೇವು ತಿಂದ ಮುಗಿಸೂತನಕ ಕುದರೀನ ಟಾಂಗಾಕ್ಕ ಕಟ್ಟಬಾರದು” ಎಂದರು. ಬ್ಯಾಟರಿಗೆ ಜೀವ ಇಲ್ಲ ಅಪ್ಪಾ ಎಂದು ಹೇಳಿ ಹೊರಟುಬಿಟ್ಟೆ. ಆ ಉತ್ತರ ಇಂದಿಗೂ ನನ್ನನ್ನು ಚುಚ್ಚುತ್ತದೆ.

ನಾಲ್ಕನೆಯ ತಿಂಗಳಿಗೆ ಎಪ್ಪತ್ತೈದು ಕಿಲೋಮೀಟರ್ ಅರವತ್ತಕ್ಕೆ ಇಳಿಯಿತು, ಬೇಸಿಗೆ ಕಳೆಯುವುದರೊಳಗೆ ನಲವತ್ತಕ್ಕೆ. ಒಂದು ಸಂಜೆ ಸಿದ್ಧೇಶ್ವರ ಗುಡಿಗೆ ಹೊರಟಿದ್ದ ಕುಟುಂಬವೊಂದನ್ನು ಕೂರಿಸಿಕೊಂಡಿದ್ದಾಗ ಗಾಂಧಿ ಚೌಕದ ಹತ್ತಿರ ಗಾಡಿ ನಿಂತೇಹೋಯಿತು. ಅವರ ಜೊತೆಗಿದ್ದ ಅಜ್ಜಿ ಮೊಮ್ಮಗಳ ಹೆಗಲು ಹಿಡಿದು ಇಳಿದು, ನನಗೆ ಒಂದು ಮಾತನ್ನೂ ಅನ್ನದೆ ನಡೆದು ಹೋದರು. ಮರುದಿನ ಮೆಕ್ಯಾನಿಕ್ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ನೋಡಿದರೆ, ರಾತ್ರಿಯೆಲ್ಲ ಚಾರ್ಜ್ ಆಗಿದ್ದರೂ ಎರಡು ಬ್ಯಾಟರಿಗಳ ಆಮ್ಲ 1.150 ದಾಟಿರಲಿಲ್ಲ; ಒಳ್ಳೆಯ ಬ್ಯಾಟರಿ ತುಂಬಿದಾಗ 1.250ರ ಮೇಲಿರಬೇಕು. ಎಂಟು ತಿಂಗಳಲ್ಲಿ ನಾಲ್ಕನ್ನೂ ಬದಲಿಸಬೇಕಾಯಿತು. ಹಳೆಯವನ್ನು ಕೊಟ್ಟೂ ಕೈಯಿಂದ 38,000 ರೂಪಾಯಿ ಹೋಯಿತು. ದಿನಕ್ಕೆ 300ರಂತೆ ತರಕಾರಿ ತಂದುಕೊಟ್ಟದ್ದರಲ್ಲಿ ಬಹುಪಾಲು ಹಾಗೆ ಕರಗಿತು, ಗಾಡಿ ನಿಂತ ದಿನಗಳ ನಷ್ಟ ಬೇರೆ.

ಹಾಗಾದರೆ ಲಿಥಿಯಂ ಹಾಕಿಸಿದರಾಯಿತಲ್ಲ ಎಂದು ನೀವು ಕೇಳುವಿರಿ. ಲಿಥಿಯಂ ಮೂರು-ನಾಲ್ಕು ಗಂಟೆಗಳಲ್ಲಿ ತುಂಬುತ್ತದೆ, ಅರ್ಧಕ್ಕೆ ಬಿಟ್ಟರೂ ಹೀಗೆ ಹರಳುಗಟ್ಟುವುದಿಲ್ಲ, ಹಗುರವೂ ಹೌದು. ಹಣವಿದ್ದರೆ ಅದನ್ನೇ ಕೊಳ್ಳಿ, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರಯಾಣಿಕರ ಇ-ರಿಕ್ಷಾಕ್ಕೆ ಕೇಂದ್ರದ ಮೋಟಾರು ವಾಹನ ನಿಯಮಗಳು ಅನುಮತಿಸುವುದು ಚಾಲಕನನ್ನು ಬಿಟ್ಟು ನಾಲ್ಕು ಜನ ಮತ್ತು ಒಟ್ಟು 40 ಕಿಲೋ ಸಾಮಾನು ಮಾತ್ರ. ಸರಕಿಗೆಂದೇ ಇ-ಕಾರ್ಟ್ ಎಂಬ ಬೇರೆ ವರ್ಗವಿದೆ, ಅದರ ಮಿತಿ 310 ಕಿಲೋ. ನಾನು ಸೀಟು ಕಳಚಿ ಹೇರುತ್ತಿದ್ದದ್ದು ಅದಕ್ಕೂ ಮೀರಿದ ಭಾರ. ಚೀಲಗಳು ಹಿಂದಿನ ಅಚ್ಚಿನ ಆಚೆಗೆ ಹೆಚ್ಚಾದಾಗ ಮುಂದಿನ ಒಂಟಿ ಗಾಲಿ ಹಗುರಾಗಿ ಹ್ಯಾಂಡಲ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಎರಡು ಸಲ ನಾನು ಅದನ್ನು ತಿರುವಿನಲ್ಲಿಯೇ ಅನುಭವಿಸಿದ್ದೇನೆ. ಆ ಹೊತ್ತಿನಲ್ಲಿ ಯಾರಾದರೂ ಅಡ್ಡ ಬಂದಿದ್ದರೆ ಪ್ರಯಾಣಿಕರ ವಾಹನಕ್ಕೆಂದು ಮಾಡಿಸಿದ ವಿಮೆಯನ್ನು ಹಿಡಿದುಕೊಂಡು ನಾನು ಯಾರ ಮುಂದೆ ನಿಲ್ಲಬೇಕಿತ್ತು? ಯಾವ ಬ್ಯಾಟರಿಯೂ ಇದನ್ನು ಸರಿಪಡಿಸುವುದಿಲ್ಲ.

ಆದ್ದರಿಂದ ಮೊದಲು ಕೆಲಸವನ್ನು ಆರಿಸಿಕೊಳ್ಳಿ, ಆಮೇಲೆ ಗಾಡಿ, ಎಲ್ಲದಕ್ಕೂ ಕೊನೆಗೆ ಬ್ಯಾಟರಿ. ನಿಮಗೆ ಮಾರುಕಟ್ಟೆಯಲ್ಲಿ ಕಾಯಂ ಗಿರಾಕಿಗಳಿದ್ದರೆ ಇ-ಕಾರ್ಟ್ ತೆಗೆದುಕೊಂಡು ನಸುಕಿನಿಂದ ಮಧ್ಯಾಹ್ನದವರೆಗೆ ದುಡಿಯಿರಿ. ಸಂಜೆಯಿಂದ ಚಾರ್ಜಿಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಪ್ರಯಾಣಿಕರೇ ನಿಮ್ಮ ಬಲವಾದರೆ ತರಕಾರಿಯ ಆಸೆ ಬಿಡಿ. ನಾನು ಬಿಟ್ಟೆ. ಈಗ ಬೆಳಿಗ್ಗೆ ಏಳೂವರೆಗೆ, ದೀಪ ಹಸಿರಾದ ಮೇಲೆಯೇ ಹೊರಡುತ್ತೇನೆ, ಮಧ್ಯಾಹ್ನ ಊಟಕ್ಕೆ ಬಂದಾಗ ನೆರಳಿನಲ್ಲಿ ನಿಲ್ಲಿಸಿ ಒಂದೂವರೆ ಗಂಟೆ ಮತ್ತೆ ಚಾರ್ಜಿಗೆ ಹಚ್ಚುತ್ತೇನೆ, ಹದಿನೈದು ದಿನಕ್ಕೊಮ್ಮೆ ಡಿಸ್ಟಿಲ್ಡ್ ನೀರಿನ ಮಟ್ಟ ನೋಡುತ್ತೇನೆ. ನಲ್ಲಿಯ ನೀರನ್ನು ಹತ್ತಿರವೂ ತರುವುದಿಲ್ಲ. ಎರಡನೆಯ ಸೆಟ್ಟು ಹದಿನೇಳು ತಿಂಗಳು ಬಾಳಿತು.

ನೀವು ಯಾವ ಊರಿನವರೆಂದು ಬರೆದಿಲ್ಲ. ಮನೆಯಿಂದ ಮಾರುಕಟ್ಟೆ ಎಷ್ಟು ದೂರ, ದಾರಿಯಲ್ಲಿ ದಿಬ್ಬವಿದೆಯೇ, ರಾತ್ರಿ ಗಾಡಿ ನಿಲ್ಲಿಸುವ ಜಾಗದಲ್ಲಿ ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ, ಇಷ್ಟನ್ನು ತಿಳಿಸಿದರೆ ನಿಮ್ಮ ಚಾರ್ಜಿನ ಗಂಟೆಗಳನ್ನು ನಾನೇ ಕೂತು ಲೆಕ್ಕ ಹಾಕಿ ಬರೆಯುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಮುಂಗಡ ಕೊಡಬೇಡಿ.