ಹರಳಿನ ಗಾತ್ರ ನಿಗದಿಯಾಗುವುದು ಕುಲುಮೆಯಲ್ಲಿ

ನಿಮ್ಮ ‘ಉಕ್ಕಿನ ಹದ’ ಲೇಖನವನ್ನು ಈಗಿರುವಂತೆ ಹಾಕಲಾಗದು. ಭಾಷೆಗೆ ತಕರಾರಿಲ್ಲ. ಇಡೀ ಲೇಖನ ನಿಂತಿರುವ ಒಂದು ವಾಕ್ಯವೇ ತಪ್ಪು: “ಕಾದ ಉಕ್ಕನ್ನು ನೀರಿಗದ್ದಿದಾಗ ಕಣಗಳು ಒಡೆದು ಸಣ್ಣದಾಗುತ್ತವೆ, ಅದಕ್ಕೇ ಗಟ್ಟಿಯಾಗುತ್ತದೆ.” ನೀರು ಏನನ್ನೂ ಒಡೆಯುವುದಿಲ್ಲ.

ಮೊದಲು ಆ ‘ಕಣ’ವನ್ನು ಬಿಡಿ. ಪರಮಾಣುವಿಗೂ ಅದೇ, ಕಾರ್ಬೈಡ್ (ಕಬ್ಬಿಣ-ಇಂಗಾಲದ ಸಂಯುಕ್ತ) ಚೂರಿಗೂ ಅದೇ, ಗ್ರೇನ್‌ಗೂ ಅದೇ ಪದವಾದರೆ ಓದುಗ ಯಾವುದನ್ನು ಹಿಡಿಯಬೇಕು? ಗ್ರೇನ್‌ಗೆ, ಅಂದರೆ ಪರಮಾಣುಗಳು ಒಂದೇ ಸಾಲುಜೋಡಣೆಯಲ್ಲಿ ಕೂತ ಉಕ್ಕಿನ ಒಂದೊಂದು ತುಣುಕಿಗೆ, ‘ಹರಳು’ ಎನ್ನಿ.

ನೀವು ಉದಾಹರಿಸಿದ್ದು 0.8% ಇಂಗಾಲದ ಉಕ್ಕು. 727 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಅದರ ಪರ್ಲೈಟ್‌ನ (ತಣ್ಣಗಿರುವಾಗಿನ ಪದರಪದರ ರಚನೆ) ಅಂಚುಗಳಲ್ಲಿ ಆಸ್ಟೆನೈಟ್‌ನ (ಕಾದ ಉಕ್ಕಿನ ರೂಪ) ಹೊಸ ಹರಳುಗಳು ಒಟ್ಟಿಗೇ ನೂರಾರು ಕಡೆ ಹುಟ್ಟುತ್ತವೆ. ಅವು ಅತಿ ಸಣ್ಣಗಿರುವುದು ಆಗಲೇ. ಮುಂದೆ ಶಾಖ ಏರಿದಷ್ಟೂ, ಹೊತ್ತು ಕಳೆದಷ್ಟೂ ದೊಡ್ಡವು ಸಣ್ಣವನ್ನು ನುಂಗುತ್ತವೆ. ನೀರಿಗದ್ದಿದಾಗ ಇಂಗಾಲಕ್ಕೆ ಹೊರಬರಲು ಪುರಸೊತ್ತಿಲ್ಲದೆ ಅಲ್ಲೇ ಸಿಕ್ಕಿಬೀಳುತ್ತದೆ, ಉಕ್ಕು ಮಾರ್ಟೆನ್ಸೈಟ್ ಎಂಬ ರೂಪ ತಾಳುತ್ತದೆ. ಗಡಸುತನ ಬರುವುದು ಅದರಿಂದ. ಮಾರ್ಟೆನ್ಸೈಟ್‌ನ ಸೂಜಿಗಳು ಹಳೆಯ ಹರಳಿನೊಳಗೇ ಬೆಳೆಯುತ್ತವೆ, ಗಡಿ ದಾಟುವುದಿಲ್ಲ; ಕುಲುಮೆಯಲ್ಲಾದ ಹರಳಿನ ಗಾತ್ರ ಹಾಗೇ ಉಳಿಯುತ್ತದೆ. ಗಡಸುತನ ಸಿಕ್ಕಿಬಿದ್ದ ಇಂಗಾಲದ್ದಾದ್ದರಿಂದ 1000 ಡಿಗ್ರಿಗೆ ಕಾಯಿಸಿ ಕೆಡಿಸಿದ ತುಂಡೂ ಗಡಸುತನದ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಅಂಕ ತೋರಿಸೀತು. ಮುರಿದು ನೋಡಿ: ಸಕ್ಕರೆ ಚೆಲ್ಲಿದಂತೆ ಮಿಣುಗುತ್ತದೆ. ಸರಿಯಾಗಿ ಕಾಯಿಸಿದ್ದರೆ ಮುರಿದ ಮುಖ ಮಾಸಲು ಬೂದು, ನುಣುಪು.

ಬಿರುಕು ಬಿಟ್ಟರೆ ನೀರಿನ ಬದಲು ಎಣ್ಣೆ ಬಳಸಿ ಎಂದಿದ್ದೀರಿ. ಹರಳು ದಪ್ಪವಾಗಿ ಬಿರುಕು ಬಿಟ್ಟಿದ್ದರೆ ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಎಣ್ಣೆಯಿಂದ ಒಳಒತ್ತಡ ತಗ್ಗೀತು, ಹರಳು ಚಿಕ್ಕದಾಗದು. ಸಾದಾ ಇಂಗಾಲದ ಉಕ್ಕು ದಪ್ಪಗಿದ್ದರೆ ಒಳಗೆ ಗಡಸೂ ಆಗದು. ಬೇಕಾದದ್ದು ನಾರ್ಮಲೈಸಿಂಗ್: 840 ಡಿಗ್ರಿಯ ಆಸುಪಾಸು ಕಾಯಿಸಿ, ಕೆಂಪು ಪೂರ್ತಿ ಆರಿ ಕಪ್ಪಾಗುವವರೆಗೆ ಗಾಳಿಯಲ್ಲಿ ಬಿಡುವುದು. ಎರಡು ಮೂರು ಸಲ, ಪ್ರತಿಸಲವೂ ಶಾಖ ಸ್ವಲ್ಪ ತಗ್ಗಿಸಿ. 727 ದಾಟಿದಾಗೆಲ್ಲ ಹೊಸ ಹರಳು ಹುಟ್ಟುತ್ತವಲ್ಲ, ಕೆಲಸ ಮಾಡುವುದು ಅದೇ. ಕಪ್ಪಾಗುವ ಮೊದಲೇ ಮತ್ತೆ ಕಾಯಿಸಿದರೆ ಹಳೆಯ ಆಸ್ಟೆನೈಟ್ ಉಳಿದೇ ಇರುತ್ತದೆ, ಶ್ರಮ ವ್ಯರ್ಥ. ಆಮೇಲೆ 780–800ರಿಂದ ಅದ್ದಬೇಕು.

“ಆಯಸ್ಕಾಂತ ಅಂಟದಿದ್ದರೆ ಶಾಖ ಸಾಕು” ಎಂಬ ಮಾತು ಎಲ್ಲ ಉಕ್ಕಿಗೂ ಸಲ್ಲದು. 0.4% ಇಂಗಾಲದ್ದರಲ್ಲಿ 770 ಡಿಗ್ರಿಗೆ ಫೆರೈಟ್ (ಇಂಗಾಲ ತೀರ ಕಡಿಮೆಯಿರುವ ಮೆತ್ತನೆಯ ರೂಪ) ಇನ್ನೂ ಉಳಿದಿರುತ್ತದೆ, ಆದರೆ ಆಯಸ್ಕಾಂತಕ್ಕೆ ಅಂಟುವ ಗುಣ ಹೋಗಿರುತ್ತದೆ. ಆಗಲೇ ಅದ್ದಿದರೆ ಅಲ್ಲಲ್ಲಿ ಮೆತ್ತಗೆ ಉಳಿಯುತ್ತದೆ. ಅದಕ್ಕೆ 830–860 ಬೇಕು.

ಟೆಂಪರಿಂಗ್ (ಅದ್ದಿದ ಉಕ್ಕನ್ನು ಕಡಿಮೆ ಶಾಖದಲ್ಲಿ ಮತ್ತೆ ಕಾಯಿಸುವುದು) ಭಾಗ ಚೆನ್ನಾಗಿದೆ, ಮುಟ್ಟಬೇಡಿ. “ಟೆಂಪರಿಂಗ್‌ನಿಂದ ಹರಳು ಸರಿಹೋಗುತ್ತದೆ” ಎಂಬ ಸಾಲನ್ನು ಮಾತ್ರ ತೆಗೆಯಿರಿ; ದಪ್ಪ ಹರಳು ಆ ಶಾಖಕ್ಕೆ ಕದಲುವುದಿಲ್ಲ. ಕಿಡಿ ಹಾರುವ ಕುಲುಮೆಯ ಚಿತ್ರ ನಮಗೆ ಬೇಡ. ಒಂದೇ ಸಲಾಕೆಯ ಎರಡು ತುಂಡು, ಒಂದು 790ರಿಂದ, ಇನ್ನೊಂದು 1000ದಿಂದ ಅದ್ದಿದ್ದು, ಮುರಿದ ಮುಖಗಳನ್ನು ಅಕ್ಕಪಕ್ಕ ಇಟ್ಟು ಓರೆ ಬೆಳಕಿನಲ್ಲಿ ತೆಗೆದ ಚಿತ್ರ ಕಳಿಸಿ.